ಚದರಡಿ ದರದಲ್ಲಿ ಸೇರದ ನಿಗಾ

ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಸಲು ಹೊರಟವರು ಮೇಸ್ತ್ರಿಯನ್ನಾಗಲಿ ಸಣ್ಣ ಗುತ್ತಿಗೆದಾರನನ್ನಾಗಲಿ ಮೊದಲು ಕೇಳುವುದು ಒಂದೇ ಮಾತು: ‘ಚದರಡಿಗೆ ಎಷ್ಟು ಮಾಡ್ತೀರಿ?’ ಹಿರಿಯರಾದರೆ ‘ಚದರಕ್ಕೆ ಎಷ್ಟು?’ ಅನ್ನುತ್ತಾರೆ. ನೂರು ಚದರಡಿಗೆ ಒಂದು ಚದರ ಎಂಬ ಆ ಲೆಕ್ಕ ನಮ್ಮ ಕಡೆ ಇನ್ನೂ ಬಳಕೆಯಲ್ಲಿದೆ. ನಾಲ್ಕು ಜನರ ಹತ್ತಿರ ದರ ಕೇಳಿ, ಎಲ್ಲರಿಗಿಂತ ಕಡಿಮೆ ಹೇಳಿದವನಿಗೆ ಅಡ್ವಾನ್ಸ್ ಕೊಟ್ಟು, ಒಳ್ಳೆಯ ದಿನ ನೋಡಿ ಗುದ್ದಲಿ ಪೂಜೆ ಮಾಡಿಬಿಡುತ್ತೇವೆ. ಈ ಒಂದು ಪ್ರಶ್ನೆ ನಮ್ಮ ಮನೆಗಳನ್ನೂ ಕೆಡಿಸುತ್ತಿದೆ, ಅವನ್ನು ಕಟ್ಟುವವರ ಬದುಕನ್ನೂ ಹದಗೆಡಿಸುತ್ತಿದೆ ಎಂದು ನನಗೆ ಬಲವಾಗಿ ಅನ್ನಿಸಿದೆ. ಸಿಮೆಂಟು, ಕಂಬಿ, ಜಲ್ಲಿ, ಟೈಲ್ಸು ದುಡ್ಡು ಕೊಟ್ಟರೆ ಯಾವ ಅಂಗಡಿಯಲ್ಲೂ ಸಿಗುತ್ತವೆ. ಸಣ್ಣ ಗುತ್ತಿಗೆದಾರನಿಂದ ಮಾತ್ರ ಸಿಗುವಂಥದ್ದು ಅವನ ನಿಗಾ. ಅದಕ್ಕೆ ಚದರಡಿ ದರದಲ್ಲಿ ಒಂದು ಪೈಸೆಯ ಜಾಗವೂ ಇಲ್ಲ.

ಚದರಡಿ ಅಳೆಯುವುದು ನೆಲವನ್ನು. ಖರ್ಚು ಬೀಳುವುದು ಗೋಡೆಗೆ, ಪಾಯಕ್ಕೆ, ಚಾವಣಿಗೆ, ಬಚ್ಚಲಿಗೆ. 25 ಅಡಿಗೆ 40 ಅಡಿಯ ಮನೆಯೂ ಹತ್ತು ಚದರ, 20ಕ್ಕೆ 50ರ ಮನೆಯೂ ಹತ್ತು ಚದರ. ಆದರೆ ಮೊದಲನೆಯದರ ಹೊರಗೋಡೆ ಸುತ್ತಳತೆ 130 ಅಡಿ, ಎರಡನೆಯದು 140. ಒಳಗೆ ದೊಡ್ಡ ಹಜಾರ ಬಿಟ್ಟು ಎರಡು ಕೋಣೆ ಮಾಡಿದರೆ ಒಂದು ಲೆಕ್ಕ, ನಾಲ್ಕು ಕೋಣೆಗೆ ಮೂರು ಬಚ್ಚಲು ಕೇಳಿದರೆ ಬೇರೆಯೇ ಲೆಕ್ಕ. ಮನೆಯಲ್ಲಿ ಅತಿ ದುಬಾರಿ ಬೀಳುವ ನೆಲ ಬಚ್ಚಲಿನದು. ಪೈಪು, ವಾಟರ್‌ಪ್ರೂಫಿಂಗ್, ಗೋಡೆಯ ಮೇಲಿನ ಟೈಲ್ಸು ಎಲ್ಲವೂ ಆ ಐದಾರು ಅಡಿಯೊಳಗೇ ಬರುತ್ತವೆ. ಇನ್ನು ಪಾಯ. ಗರಸು ನೆಲದಲ್ಲಿ ಮೂರ್ನಾಲ್ಕು ಅಡಿ ಅಗೆದು ಸೈಜುಗಲ್ಲು ಕಟ್ಟಿದರೆ ಮುಗಿಯುವ ಕೆಲಸ, ಗದಗ ಧಾರವಾಡದ ಎರೆಮಣ್ಣಿನಲ್ಲಿ ಮುಗಿಯುವುದಿಲ್ಲ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನ ಮೇಲೆ ನಿಲ್ಲುವ ಮನೆಗೆ ಇನ್ನೂ ಆಳಕ್ಕೆ ಇಳಿಯಬೇಕು, ಮಣ್ಣು ಬದಲಿಸಬೇಕು, ಗೋಡೆಗಳನ್ನು ಕಾಂಕ್ರೀಟ್ ಪಟ್ಟಿಯಿಂದ ಬಿಗಿಯಬೇಕು. ಎರಡೂ ಕಡೆ ಮೇಲೆ ಕಾಣುವುದು ಅದೇ ಹತ್ತು ಚದರ.

ಹೀಗೆ ಅಳತೆಯೇ ಸರಿಯಿಲ್ಲದಿರುವಾಗ ಗುತ್ತಿಗೆದಾರನಿಗೆ ಉಳಿಯುವ ದಾರಿ ಎರಡು. ಒಂದು, ಸಂಪು, ಕಾಂಪೌಂಡು, ಗೇಟು, ಮೇಲಿನ ಟ್ಯಾಂಕು ‘ಎಕ್ಸ್‌ಟ್ರಾ’ ಎಂದು ನಡುವೆ ಹೇಳುವುದು. ಇನ್ನೊಂದು, ಕಣ್ಣಿಗೆ ಬೀಳದ ಕಡೆ ಉಳಿಸುವುದು. ಮೊದಲನೆಯದರಿಂದ ಜಗಳ, ಎರಡನೆಯದರಿಂದ ಸೋರುವ ಮನೆ.

ಚಾವಣಿಗೆ ಮೋಲ್ಡ್ ಹಾಕುವ ದಿನವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಮಿಕ್ಸರ್ ಬರುತ್ತದೆ, ಹತ್ತಿಪ್ಪತ್ತು ಜನರ ಗ್ಯಾಂಗ್ ಬರುತ್ತದೆ. ಬೆಂಗಳೂರು, ಮೈಸೂರಿನ ಕಡೆ ಆ ಗ್ಯಾಂಗಿನಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯ ಜನ ಬಹಳ. ಅವರಿಗೆ ಕೂಲಿ ದಿನಕ್ಕೋ ಮೂಟೆಗೋ; ಬೇಗ ಮುಗಿದಷ್ಟೂ ಒಳ್ಳೆಯದು. ಎಂ20 ಕಾಂಕ್ರೀಟಿಗೆ ಒಂದು ಮೂಟೆ, ಅಂದರೆ 50 ಕಿಲೋ ಸಿಮೆಂಟಿಗೆ, ನೀರು 30 ಲೀಟರ್ ಮೀರಬಾರದು ಎನ್ನುತ್ತದೆ 2000ನೇ ಇಸವಿಯ ಐಎಸ್ 456 ಮಾನಕ. ಆದರೆ ನೀರು ಕಡಿಮೆಯಿದ್ದರೆ ಮಾಲು ಗಟ್ಟಿ, ಬಾಂಡ್ಲಿಯಿಂದ ಜಾರುವುದಿಲ್ಲ, ತೋಳು ಸೋಲುತ್ತದೆ. ಬಿಸಿಲೇರಿದ ಮೇಲೆ ಯಾರೋ ಒಂದು ಬಕೆಟ್ ಹೆಚ್ಚಿಗೆ ಸುರಿಯುತ್ತಾರೆ. ಬೈದುಬಿಟ್ಟರೆ ಆಗುವಂಥದ್ದಲ್ಲ ಇದು. ಮಿಕ್ಸರಿನ ಪಕ್ಕದಲ್ಲಿ ಒಬ್ಬರು ನಿಲ್ಲಲೇಬೇಕು. ಅದೇ ಹೊತ್ತಿಗೆ ಮೇಲೆ ಇನ್ನೊಬ್ಬರು ಬೇಕು, ಏಕೆಂದರೆ ಬಾಲ್ಕನಿಯ ಕಂಬಿ ಇರಬೇಕಾದದ್ದು ಚಪ್ಪಡಿಯ ಮೇಲ್ಭಾಗದಲ್ಲಿ. ಹೊರಚಾಚಿದ ಚಪ್ಪಡಿ ಎಳೆತಕ್ಕೆ ಸಿಕ್ಕುವುದು ಮೇಲ್ಮೈಯಲ್ಲಿ. ಬಾಂಡ್ಲಿ ಹೊತ್ತವರು ಓಡಾಡುತ್ತ ಆ ಕಂಬಿಯನ್ನು ಕೆಳಕ್ಕೆ ತುಳಿದರೆ ಅದು ಇದ್ದೂ ಇಲ್ಲದಂತೆ. ಕಾಂಕ್ರೀಟ್ ಬಿದ್ದಮೇಲೆ ಇದನ್ನು ಯಾವ ಮನೆಯ ಯಜಮಾನನೂ ನೋಡಲಾರ. ತುಳಿಯುವ ಆ ಗಳಿಗೆಯಲ್ಲಿ ‘ನಿಲ್ರಪ್ಪಾ, ಕಂಬಿ ಎತ್ತಿ’ ಎನ್ನುವ ಒಂದು ಬಾಯಿ ಅಲ್ಲಿರಬೇಕು.

ಆಮೇಲಿನ ದಿನಗಳದ್ದೂ ಅದೇ ಕಥೆ. ಸಾಮಾನ್ಯ ಸಿಮೆಂಟಾದರೆ ಕಡಿಮೆಯೆಂದರೆ ಏಳು ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ ಹತ್ತು ದಿನ ಕಾಂಕ್ರೀಟನ್ನು ಒದ್ದೆಯಾಗಿಡಬೇಕು. ನಾಲ್ಕೂವರೆ ಮೀಟರ್‌ವರೆಗಿನ ಚಪ್ಪಡಿಗೆ ಕೊಟ್ಟ ಆಸರೆ ಏಳು ದಿನ, ಅದಕ್ಕಿಂತ ಅಗಲವಿದ್ದರೆ ಹದಿನಾಲ್ಕು ದಿನ ತೆಗೆಯಬಾರದು. ಆದರೆ ಸೆಂಟ್ರಿಂಗ್ ಶೀಟುಗಳಿಗೆ ಬಾಡಿಗೆ ಇದೆ, ಪಕ್ಕದ ಬಡಾವಣೆಯಲ್ಲಿ ಇನ್ನೊಂದು ಮೋಲ್ಡ್ ಕಾಯುತ್ತಿರುತ್ತದೆ. ನೀರಿನ ಕಟ್ಟೆ ಒಣಗಿದೆಯೇ ಎಂದು ನೋಡಲು ಬೇಸಿಗೆಯ ಮಧ್ಯಾಹ್ನ ಮೇಲೆ ಹತ್ತುವವರು ಯಾರು?

ಉಳಿತಾಯದ ಆಸೆ ಎಷ್ಟು ಸಣ್ಣ ಕಡೆ ಅಡಗಿರುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಹತ್ತು ಚದರದ ಚಾವಣಿ ಐದು ಇಂಚಿನ ಬದಲು ನಾಲ್ಕೂವರೆ ಇಂಚು ಬಿದ್ದರೆ ಸುಮಾರು 42 ಘನಅಡಿ ಕಾಂಕ್ರೀಟ್ ಉಳಿಯುತ್ತದೆ. ಅದರಲ್ಲಿ ಒಂಬತ್ತು ಹತ್ತು ಮೂಟೆ ಸಿಮೆಂಟು, ಜೊತೆಗೆ ಅದಕ್ಕೆ ತಕ್ಕ ಜಲ್ಲಿ, ಎಂ-ಸ್ಯಾಂಡು. ಲಕ್ಷಗಟ್ಟಲೆ ರೂಪಾಯಿಯ ಮನೆಯಲ್ಲಿ ಇದು ದೊಡ್ಡ ಮೊತ್ತವಲ್ಲ. ಆದರೆ ದರವನ್ನು ಜಗ್ಗಾಡಿ ಜಗ್ಗಾಡಿ ಕೊನೆಗೆ ಏನೂ ಮಿಗದ ಹಂತಕ್ಕೆ ತಂದು ಒಪ್ಪಿಸಿದಾಗ, ಆ ಅರ್ಧ ಇಂಚೇ ಗುತ್ತಿಗೆದಾರನ ಲಾಭವಾಗಿಬಿಡುತ್ತದೆ. ಅಂಥವರೆಲ್ಲ ಕಳ್ಳರೆಂದು ನಾನು ಹೇಳಲಾರೆ. ಬಹುಪಾಲು ಜನ ಕರಣೆ ಹಿಡಿದು, ತೂಗುಗುಂಡು ಇಳಿಬಿಟ್ಟು ಕೆಲಸ ಕಲಿತು ಮೇಲೆ ಬಂದವರು. ನೆಟ್ಟಗಿನ ಗೋಡೆಯನ್ನು ಕಂಡರೆ ಖುಷಿಪಡುವವರು. ಕೆಟ್ಟ ಕೆಲಸ ಮಾಡಿದರೆ ಮಾತ್ರ ನಾಲ್ಕು ಕಾಸು ಉಳಿಯುವಂಥ ಒಪ್ಪಂದಕ್ಕೆ ಅವರನ್ನು ಕಟ್ಟಿಹಾಕುತ್ತಿರುವವರು ನಾವು.

ಅವರ ವಾರ ಹೇಗೆ ಸಾಗುತ್ತದೆ ಎಂಬುದನ್ನೂ ನೋಡಬೇಕು. ಶನಿವಾರ ಬಟವಾಡೆ. ಗಾರೆಯವರು, ಹೆಲ್ಪರ್‌ಗಳು, ಕಂಬಿ ಕಟ್ಟುವವರು, ಎಲ್ಲರಿಗೂ ಅವತ್ತೇ ದುಡ್ಡು ಕೊಡಬೇಕು. ಭಾನುವಾರದ ಸಂತೆ ಅದರ ಮೇಲೆ ನಿಂತಿರುತ್ತದೆ. ಮನೆಯ ಯಜಮಾನರ ಹಣ ಬರುವುದು ಹಂತದ ಮೇಲೆ: ಪಾಯಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ಮೋಲ್ಡ್‌ಗೆ ಇಷ್ಟು. ಬ್ಯಾಂಕಿನ ಸಾಲವಾದರೆ ಹಂತ ಮುಗಿದು, ಬ್ಯಾಂಕಿನವರು ಬಂದು ನೋಡಿ, ಆಮೇಲೆ ಬಿಡುಗಡೆ. ಈ ನಡುವಿನ ವಾರಗಳನ್ನು ಗುತ್ತಿಗೆದಾರ ಹಾರ್ಡ್‌ವೇರ್ ಅಂಗಡಿಯ ಉದ್ರಿಯ ಮೇಲೆ ದಾಟುತ್ತಾನೆ. ಉದ್ರಿ ಬೆಳೆದಾಗ ಇನ್ನೊಂದು ಮನೆ ಒಪ್ಪಿಕೊಳ್ಳುತ್ತಾನೆ, ಆ ಅಡ್ವಾನ್ಸಿನಿಂದ ಈ ಮನೆಯ ಬಟವಾಡೆ ಮಾಡುತ್ತಾನೆ. ಎರಡನೆಯದಕ್ಕೆ ಮೂರನೆಯದು. ನಿಗಾ ಇಟ್ಟು ನೋಡಿಕೊಳ್ಳಬಲ್ಲ ಒಂದೆರಡು ಮನೆ ಐದಾರು ಮನೆಯಾಗುವುದು ಹೀಗೆ. ನಾಲ್ಕು ಬಡಾವಣೆಗಳ ನಡುವೆ ಬೈಕಿನಲ್ಲಿ ಓಡಾಡುವವನು ಯಾವ ಮಿಕ್ಸರಿನ ಪಕ್ಕ ನಿಲ್ಲಬೇಕು? ಇಷ್ಟೊಂದು ಕೆಲಸ ಹಿಡಿದದ್ದಕ್ಕೆ ದುರಾಸೆ ಎನ್ನುತ್ತೇವೆ. ಬಹಳ ಸಲ ಅದು ಹಳೆಯ ಶನಿವಾರದ ಬಾಕಿ.

ಬೆಲೆಯ ಏರಿಳಿತ ಇದರ ಮೇಲೆ ಇನ್ನೊಂದು ಹೊರೆ. ಕೋವಿಡ್ ನಂತರ ಕಂಬಿಯ ಬೆಲೆ ಏರುತ್ತ ಹೋಗಿ, ಕೊನೆಗೆ 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಕ್ಕಿನ ರಫ್ತಿಗೆ ಸುಂಕ ಹಾಕಿತು. ಅದಕ್ಕೆ ಮುಂಚೆ ಚದರಡಿ ದರಕ್ಕೆ ಒಪ್ಪಿಕೊಂಡಿದ್ದ ಸಣ್ಣವರು ಒಂದೋ ನಷ್ಟ ನುಂಗಿದರು, ಇಲ್ಲವೇ ಅರ್ಧಕ್ಕೆ ಕೆಲಸ ನಿಲ್ಲಿಸಿದರು. 2025ರ ಸೆಪ್ಟೆಂಬರಿನಲ್ಲಿ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಾಗ ತಿರುಗುಮುರುಗು: ಮೊದಲೇ ದರ ಗೊತ್ತುಮಾಡಿದ್ದ ಮನೆಗಳಲ್ಲಿ ಆ ಇಳಿಕೆ ಯಜಮಾನನ ಕೈಗೆ ತಾನಾಗಿ ಬರುವ ದಾರಿ ಇರಲಿಲ್ಲ. ಎರಡೂ ಸಲ ಒಬ್ಬನಿಗೆ ಅನ್ಯಾಯ. ಮಾರುಕಟ್ಟೆಯ ಗಾಳಿಯನ್ನು ಒಬ್ಬ ಮೇಸ್ತ್ರಿಯ ಹೆಗಲಿಗೆ ಹಾಕುವುದೂ ತಪ್ಪು, ಅದರ ಲಾಭವನ್ನು ಅವನಿಗೇ ಬಿಡುವುದೂ ತಪ್ಪು.

‘ಹಾಗಾದರೆ ದೊಡ್ಡ ಕಂಪನಿಗೆ ಕೊಡೋಣ, ಪ್ಯಾಕೇಜ್ ಇದೆ, ಮೊಬೈಲಿನಲ್ಲಿ ಫೋಟೊ ಬರುತ್ತದೆ’ ಎನ್ನುವವರಿದ್ದಾರೆ. ಪ್ಯಾಕೇಜೂ ಚದರಡಿ ದರವೇ. ಟೈಲ್ಸ್, ನಲ್ಲಿಯ ಬ್ರ್ಯಾಂಡ್ ಹೆಸರುಗಳ ಪಟ್ಟಿ ಅದಕ್ಕೆ ಸೇರಿರುತ್ತದೆ, ಅಷ್ಟೆ. ಕೊನೆಗೆ ಗೋಡೆ ಕಟ್ಟುವುದು ಯಾರೋ ಒಬ್ಬ ಮೇಸ್ತ್ರಿಯ ತಂಡ. ಫೋಟೊದಲ್ಲಿ ಕಂಬಿ ಎಣಿಸಬಹುದು, ತುಳಿದದ್ದು ಗೊತ್ತಾಗುವುದಿಲ್ಲ.

ನಿಗಾಕ್ಕೆ ಬೆಲೆಯಿಲ್ಲದ ಕಡೆ ಮಿತವ್ಯಯವೂ ಬೆಳೆಯುವುದಿಲ್ಲ ಎಂಬುದು ನನ್ನ ಇನ್ನೊಂದು ಮಾತು. ತಿರುವನಂತಪುರದಲ್ಲಿ ಲಾರಿ ಬೇಕರ್ ಇಟ್ಟಿಗೆಗಳನ್ನು ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟಿಸಿದ ಗೋಡೆಗಳಿಗೆ ಇಟ್ಟಿಗೆ ಸುಮಾರು ಕಾಲುಭಾಗ ಕಡಿಮೆ ಸಾಕಾಗುತ್ತಿತ್ತು. ಅದು ಸಾಧ್ಯವಾದದ್ದು ಅವರು ಕೆಲಸದ ಜಾಗದಲ್ಲೇ ಇದ್ದು ಗಾರೆಯವರ ಜೊತೆ ಕೂಡಿ ಕಟ್ಟಿದ್ದರಿಂದ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು, ಅವರಲ್ಲಿ ಕೆ.ಎಸ್. ಜಗದೀಶ್ ಮುಖ್ಯರು, ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ ಒತ್ತಿ ಮಾಡುವ ಮಣ್ಣಿನ ಬ್ಲಾಕನ್ನು ಪಳಗಿಸಿಕೊಟ್ಟರು. ಪಾಯ ಅಗೆದ ಮಣ್ಣು ಒಗ್ಗುವಂತಿದ್ದರೆ ಅದರಿಂದಲೇ ಗೋಡೆ ಏಳಬಲ್ಲದು. ಆದರೆ ಮಣ್ಣು ಪರೀಕ್ಷಿಸಬೇಕು, ಜರಡಿ ಹಿಡಿಯಬೇಕು, ಬ್ಲಾಕುಗಳಿಗೆ ವಾರಗಟ್ಟಲೆ ನೀರು ಚಿಮುಕಿಸಬೇಕು. ಸಾಮಾನಿನ ಖರ್ಚು ಕಡಿಮೆ, ಕಣ್ಣಿನ ಕೆಲಸ ಹೆಚ್ಚು. ಚದರಡಿ ದರದ ಗುತ್ತಿಗೆದಾರ ಇದನ್ನು ಯಾಕೆ ಮುಟ್ಟಬೇಕು? ಲಾರಿಯಲ್ಲಿ ಬಂದಿಳಿಯುವ ಸಿಮೆಂಟ್ ಬ್ಲಾಕು ಅವನಿಗೆ ಸುಲಭ. ಎಷ್ಟು ಒಳ್ಳೆಯ ವಿದ್ಯೆಯಾದರೂ ಬಡಾವಣೆಗಳ ಸಾಮಾನ್ಯ ಮನೆಗೆ ಇಳಿಯದೆ ಉಳಿದದ್ದಕ್ಕೆ ಇದೂ ಒಂದು ಕಾರಣ ಎಂದೇ ನಾನು ತಿಳಿದಿದ್ದೇನೆ.

ಹಾಗಾದರೆ ಬೇರೆ ದಾರಿ ಯಾವುದು? ಸಾಮಾನು ಯಜಮಾನರದು, ಕೂಲಿ ಮಾತ್ರ ಗುತ್ತಿಗೆ ಎಂಬ ಲೇಬರ್ ಕಾಂಟ್ರಾಕ್ಟ್ ಹಳೆಯದು. ಬಿಡುವಿದ್ದು ಓಡಾಡಬಲ್ಲವರಿಗೆ ಒಳ್ಳೆಯದೇ. ಕೆಲಸಕ್ಕೆ ಹೋಗುವ ಗಂಡಹೆಂಡಿರಿಗೆ, ದೂರದೇಶದಲ್ಲಿರುವವರಿಗೆ ಅದು ಆಗದ ಮಾತು. ಆದ ಖರ್ಚಿನ ಮೇಲೆ ಶೇಕಡಾ ಇಷ್ಟು ಎಂದು ಕೊಟ್ಟರೆ ಖರ್ಚು ಬೆಳೆದಷ್ಟೂ ಗುತ್ತಿಗೆದಾರನಿಗೆ ಲಾಭ. ಆ ಅನುಮಾನ ನ್ಯಾಯವಾದದ್ದೇ. ಅದಕ್ಕಾಗಿ ಮೇಲ್ವಿಚಾರಣೆಗೆ ಖರ್ಚಿಗೆ ಸಂಬಂಧವಿಲ್ಲದ ಒಂದು ನಿಗದಿ ಹಣ ಗೊತ್ತುಮಾಡಿ, ಸಾಮಾನಿಗೆ ಬಿಲ್ಲಿನಂತೆ, ಕೂಲಿಗೆ ಅಳತೆಯಂತೆ ಕೊಡುವುದು ನನಗೆ ಸರಿಯಾಗಿ ಕಾಣುತ್ತದೆ. ಕೆಲಸ ಎಳೆದರೂ ಆ ಹಣ ಬೆಳೆಯದು, ದುಬಾರಿ ಟೈಲ್ಸು ತಂದರೂ ಬೆಳೆಯದು. ಅದರ ಬದಲಿಗೆ ಅವನಿಂದ ಎರಡು ಮಾತು ಬರೆಸಿಕೊಳ್ಳಬೇಕು: ಈ ಮನೆ ನಡೆಯುವಾಗ ಬೇರೆ ಎಷ್ಟು ಮನೆ ಕೈಯಲ್ಲಿರುತ್ತವೆ, ಮತ್ತು ಪ್ರತಿ ಮೋಲ್ಡಿನ ದಿನ ಯಾರು ನಿಲ್ಲುತ್ತಾರೆ. ದರ ಕೇಳುವ ಮೊದಲು ಇವೆರಡನ್ನು ಕೇಳುವ ಯಜಮಾನ ಸಿಕ್ಕರೆ ಒಳ್ಳೆಯ ಮೇಸ್ತ್ರಿಗೆ ಅರ್ಧ ಭಾರ ಇಳಿದಂತೆ.

‘ಒಟ್ಟು ಎಷ್ಟಾಗುತ್ತದೆ ಎಂದು ಮೊದಲೇ ಗೊತ್ತಿರದಿದ್ದರೆ ನಮ್ಮಂಥವರು ಸಾಲ ಮಾಡುವುದು ಹೇಗೆ?’ ಎಂಬ ಭಯ ಮಧ್ಯಮವರ್ಗದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಜೀವಮಾನದ ಉಳಿತಾಯ ಅಲ್ಲಿರುತ್ತದೆ. ಆದರೆ ಚದರಡಿ ದರ ಕೊಡುವ ಭರವಸೆಯೂ ಗಟ್ಟಿಯದಲ್ಲ. ಎಕ್ಸ್‌ಟ್ರಾಗಳು ಅದನ್ನು ಮುರಿಯುತ್ತವೆ. ನಕ್ಷೆಯಿಂದ ಹೊರಡುವ ಪ್ರಮಾಣದ ಲೆಕ್ಕ ಇದಕ್ಕಿಂತ ಭದ್ರ: ಎಷ್ಟು ಮೂಟೆ ಸಿಮೆಂಟು, ಎಷ್ಟು ಟನ್ ಕಂಬಿ, ಎಷ್ಟು ಸಾವಿರ ಬ್ಲಾಕು, ಎಷ್ಟು ಚದರಡಿ ಗಾರೆ. ಬೆಲೆ ಏರಿಳಿದರೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಯಜಮಾನ ಎಣಿಸಿ ನೋಡಬಹುದು, ತೂಗಿ ನೋಡಬಹುದು. 12 ಮಿಲಿಮೀಟರ್ ಕಂಬಿ ಮೀಟರಿಗೆ ಸುಮಾರು 890 ಗ್ರಾಂ ತೂಗಬೇಕೆಂದು ಗೊತ್ತಿದ್ದವರಿಗೆ ಲಾರಿ ಇಳಿಯುವಾಗಲೇ ಅರ್ಧ ಪರೀಕ್ಷೆ ಮುಗಿಯುತ್ತದೆ.

ಕಾನೂನಿನ ನೆರಳು ಈ ಮನೆಗಳ ಮೇಲೆ ತೆಳುವಾಗಿದೆ. ಮಾರಲು ಕಟ್ಟುವವರಿಗಾಗಿ ಬಂದ 2016ರ ರೇರಾ ಕಾಯ್ದೆ, ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರನೇ ಸರಿಪಡಿಸಬೇಕು ಎನ್ನುತ್ತದೆ. ತನ್ನ ನಿವೇಶನದಲ್ಲಿ ತನಗಾಗಿ ಕಟ್ಟಿಸಿಕೊಂಡವನಿಗೆ ಆ ರಕ್ಷಣೆ ಇಲ್ಲ. ಮನೆ ಕಟ್ಟುವುದೂ ಸೇವೆ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದ್ದರಿಂದ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಆದರೆ ಕೈಯಲ್ಲಿ ಬರಹವೂ ಬಿಲ್ಲೂ ಇಲ್ಲದವರು ಅಲ್ಲಿ ಏನನ್ನು ತೋರಿಸಿಯಾರು? ಗುತ್ತಿಗೆದಾರನ ಪಾಡು ಇನ್ನೂ ಕಷ್ಟದ್ದು. ಗೃಹಪ್ರವೇಶದ ಊಟ ಮುಗಿದ ಮೇಲೆ ಕೊನೆಯ ಕಂತನ್ನು ‘ಆ ಬಾಗಿಲು ಸರಿಯಿಲ್ಲ, ಈ ಬಣ್ಣ ಸರಿಯಿಲ್ಲ’ ಎಂದು ತಡೆಹಿಡಿದರೆ, ಅವನಿಗೆ ಗ್ರಾಹಕರ ಆಯೋಗವಿಲ್ಲ. ಸಿವಿಲ್ ಕೋರ್ಟಿಗೆ ಅಲೆಯುವ ಶಕ್ತಿಯೂ ಇಲ್ಲ. ಹಾಗೆ ನಿಂತ ದುಡ್ಡು ಮುಂದಿನ ಮನೆಯ ಅಡ್ವಾನ್ಸಿನ ಬಾಯಿಗೆ ಅವನನ್ನು ಮತ್ತೆ ತಳ್ಳುತ್ತದೆ.

ಆದ್ದರಿಂದ ಕೊನೆಯ ಕಂತಿನ ವಿಚಾರ ಗುದ್ದಲಿ ಪೂಜೆಗೆ ಮುಂಚೆಯೇ ಕಾಗದದ ಮೇಲೆ ಬರಬೇಕು. ಚಾವಣಿ ಸೋರುತ್ತದೋ ಇಲ್ಲವೋ ಒಂದು ಮಳೆಗಾಲ ಕಳೆದ ಮೇಲಷ್ಟೇ ಗೊತ್ತಾಗುವುದು. ಒಟ್ಟು ಮೊತ್ತದಲ್ಲಿ ನೂರಕ್ಕೆ ಐದರಷ್ಟನ್ನು ಆ ಮಳೆಗಾಲ ಮುಗಿಯುವವರೆಗೆ ಯಜಮಾನ ಇಟ್ಟುಕೊಳ್ಳಲಿ. ಯಾವ ಯಾವ ದೋಷಕ್ಕೆ ಅದನ್ನು ಮುರಿದುಕೊಳ್ಳಬಹುದು ಎಂಬುದನ್ನು ಹೆಸರಿಸಲಿ. ಉಳಿದದ್ದನ್ನು ಯಾವ ತಾರೀಖಿಗೆ ಗುತ್ತಿಗೆದಾರನಿಗೆ ಕೊಡಬೇಕು ಎಂಬುದೂ ಅದೇ ಕಾಗದದಲ್ಲಿ, ಇಬ್ಬರ ಸಹಿಯ ಮೇಲುಗಡೆ ಇರಲಿ.