ಸಿದ್ದಮ್ಮನವರ ಕತೆಯನ್ನೂ ಕೇಳಿಸಿ
ಹಾವೇರಿ–ರಾಣೆಬೆನ್ನೂರು ಬಸ್ಸಿನಲ್ಲಿ ಓಡಾಡುವ ನಮ್ಮಂಥ ವಿದ್ಯಾರ್ಥಿಗಳ ಕಿವಿಯಲ್ಲಿ ಈಗ ಹಾಡಿನ ಜತೆ ಆಡಿಯೊ ಪುಸ್ತಕಗಳೂ ಇವೆ. ಪ್ರೀತಿ, ಅಗಲಿಕೆ, ತ್ಯಾಗದ ಕತೆಗಳೆಂದರೆ ಗೆಳೆಯರಿಗೆ ಅಚ್ಚುಮೆಚ್ಚು. ಅಂಥದೊಂದು ಕತೆ ದಾರಿಯಲ್ಲೇ ಇದೆ, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ.

ಆ ಊರಿನ ಮೈಲಾರ ಮಹಾದೇವಪ್ಪ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜತೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳೊಂದಿಗೆ ಗುಂಡಿಗೆ ಬಲಿಯಾದರು. ಹಾವೇರಿ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ. ಇಷ್ಟು ಎಲ್ಲರಿಗೂ ಗೊತ್ತು. ಪತ್ನಿ ಸಿದ್ದಮ್ಮ? ಅವರೂ ಸಾಬರಮತಿ ಆಶ್ರಮ ಸೇರಿ ಚಳವಳಿಗೆ ಇಳಿದವರು. ಗಂಡ ಹೋದ ಮೇಲೆ ಅವರು ಬದುಕಿದ ಬಗೆ ನಾನು ಓದಿದ ಯಾವ ಪಠ್ಯದಲ್ಲೂ ಬರಲಿಲ್ಲ. ಪ್ರಾಣ ಕೊಟ್ಟವರದಷ್ಟೇ ತ್ಯಾಗವೇ?

ಆಡಿಯೊ ಪುಸ್ತಕ ಮಾಡುವವರು ಸಿದ್ದಮ್ಮನವರ ಕತೆಯನ್ನು ನಮ್ಮ ಕಡೆಯ ಮಾತಿನಲ್ಲೇ ಹೇಳಿಸಲಿ. ಅದಕ್ಕೂ ಮೊದಲು, ಊರ ಹಿರಿಯರು ಕೇಳಿ ಬಲ್ಲದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸುವ ಕೆಲಸ ನಮ್ಮಂಥವರದ್ದು.