ಹೆಸರು ಒಂದು, ರೋಗ ಎರಡು

"ಗಂಟಲಿನ ಕ್ಯಾನ್ಸರ್ ಈಗ ವಾಸಿಯಾಗುತ್ತದಂತೆ" ಎಂಬ ಮಾತು ಗಿರಣಿಯ ಬಾಗಿಲಲ್ಲೂ ಬೀಡಾ ಅಂಗಡಿಯ ಮುಂದೆಯೂ ನಮ್ಮ ಕಿವಿಗೆ ಬೀಳುತ್ತಿದೆ. ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಯಾವ ಜಾಗದ ಕ್ಯಾನ್ಸರ್, ಯಾವುದರಿಂದ ಬಂದದ್ದು ಎಂದು ಕೇಳದೆ ಅದನ್ನು ನಂಬಿ ಕುಳಿತರೆ ಪ್ರಾಣಕ್ಕೇ ಸಂಚಕಾರ.

ಸಂಗತಿ ಹೀಗಿದೆ. ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ ಹುಟ್ಟುವ ಕ್ಯಾನ್ಸರಿಗೆ ಎರಡು ಮುಖ್ಯ ಮೂಲಗಳುಂಟು. ಒಂದು, ತಂಬಾಕು ಮತ್ತು ಮದ್ಯ. ಇನ್ನೊಂದು, ಹ್ಯೂಮನ್ ಪ್ಯಾಪಿಲೋಮ ವೈರಸ್, ಅದರಲ್ಲೂ ಅದರ 16ನೆಯ ಬಗೆ. ಹೆಂಗಸರ ಗರ್ಭಕೊರಳಿನ ಕ್ಯಾನ್ಸರಿಗೂ ಇದೇ ವೈರಸ್ ಕಾರಣ. ಆ ನಂಟನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಝೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಸಂದಿತು. ವೈರಸ್ ಬಹು ಜನರಿಗೆ ತಗಲುವಂಥದು, ಹೆಚ್ಚಿನವರಲ್ಲಿ ತಾನಾಗಿ ಹೋಗುವಂಥದು. ಆದಕಾರಣ ನಾಚಿಕೆಗೆ ಇಲ್ಲಿ ಎಡೆಯಿಲ್ಲ.

2010ರಲ್ಲಿ ಅಮೆರಿಕದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಗಂಟಲಿನ ಈ ಭಾಗದ ರೋಗ ಬಲಿತ ಮೇಲೆ ಚಿಕಿತ್ಸೆ ಪಡೆದವರಲ್ಲಿ, ಗೆಡ್ಡೆಯಲ್ಲಿ ವೈರಸ್ ಇದ್ದವರು 3 ವರ್ಷದ ಬಳಿಕ 100ಕ್ಕೆ 82 ಮಂದಿ ಬದುಕಿದ್ದರು. ಇಲ್ಲದವರು 57 ಮಂದಿ ಮಾತ್ರ. ವೈರಸ್ಸಿನ ಗೆಡ್ಡೆ ಕಿರಣ ಚಿಕಿತ್ಸೆಗೆ ಹೆಚ್ಚು ಬಗ್ಗುತ್ತದೆ. ಆದರೆ ವೈರಸ್ ಇದ್ದವರಲ್ಲೂ ದಿನಕ್ಕೊಂದು ಪ್ಯಾಕಿನಂತೆ 10 ವರ್ಷಕ್ಕೂ ಮೀರಿ ಸಿಗರೇಟು ಸೇದಿ, ಕುತ್ತಿಗೆಯ ಗ್ರಂಥಿಗಳಿಗೆ ರೋಗ ಹಬ್ಬಿಸಿಕೊಂಡವರಿಗೆ ಈ ಲಾಭ ಕುಗ್ಗಿತ್ತು. ವೈರಸ್ಸಿನ ಗೆಡ್ಡೆ ಇದ್ದವರಿಗೆ ಹಗುರವಾದ ಮದ್ದು ಸಾಕೆಂದು ಹೊರಟ ಎರಡು ಪರೀಕ್ಷೆಗಳೂ 2018ರಲ್ಲಿ ಸೋತವು. ಹಳೆಯ ಮದ್ದು ಪಡೆದವರೇ ಹೆಚ್ಚು ಮಂದಿ ಉಳಿದರು.

ಇನ್ನು ನಮ್ಮ ಮಾತು. ನಮ್ಮ ದುಡಿಯುವ ಜನರಲ್ಲಿ ಹೆಚ್ಚಾಗಿ ಕಾಣುವುದು ಕೆನ್ನೆಯ ಒಳಬದಿಯ, ಒಸಡಿನ, ನಾಲಿಗೆಯ ಅಂಚಿನ ಕ್ಯಾನ್ಸರ್. ಹೊಗೆಸೊಪ್ಪು, ಅಡಿಕೆ, ಗುಟ್ಕಾ ಒತ್ತರಿಸಿಡುವ ಜಾಗದ್ದು. ಅಲ್ಲಿ ವೈರಸ್ಸಿನ ಪಾತ್ರ ಸ್ವಲ್ಪ. ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರಿದ್ದರೆ ಒಬ್ಬನ ಅಂಕವನ್ನು ಇನ್ನೊಬ್ಬನ ಹೆಸರಿಗೆ ಬರೆಯಲಾದೀತೇ? ಆ 82 ನಮ್ಮ ಅಂಕವಲ್ಲ. ನಮಗೆ ಇರುವ ಭರವಸೆ ಒಂದೇ: ಬೇಗ ತೋರಿಸುವುದು.

3 ವಾರವಾದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ, ದಿನೇ ದಿನೇ ಕಿರಿದಾಗುವ ಬಾಯಿ, ಕುತ್ತಿಗೆಯಲ್ಲಿ ಗಂಟು: ಇವುಗಳಲ್ಲಿ ಒಂದನ್ನು ಕಂಡರೂ ತಡೆಯಕೂಡದು. ಗಂಟಲಿನ ಗೆಡ್ಡೆಯಾದರೆ, ತೆಗೆದ ತುಣುಕಿಗೆ ಪಿ-16 ಪರೀಕ್ಷೆ ಆಯಿತೇ ಎಂದು ವೈದ್ಯರನ್ನು ಕೇಳತಕ್ಕದ್ದು.

ಒಂದು ದಿನದ ಕೂಲಿ ಹೋದೀತೆಂದು ಕಾರ್ಮಿಕನು ತಿಂಗಳುಗಟ್ಟಲೆ ಹುಣ್ಣನ್ನು ಮುಚ್ಚಿಡುತ್ತಾನೆ. ಇದು ಅವನೊಬ್ಬನ ತಪ್ಪಲ್ಲ. ಗಿರಣಿಯ ಬಾಗಿಲಲ್ಲೇ ವರ್ಷಕ್ಕೊಮ್ಮೆ ಬಾಯಿ ತಪಾಸಣೆ ಆಗಬೇಕು. ಆಸ್ಪತ್ರೆಗೆ ಹೋದ ದಿನದ ಕೂಲಿ ಕಡಿಯಕೂಡದು. ಇದು ನಮ್ಮ ಬೇಡಿಕೆ.

ಅಂಗಡಿಯ ಬಂಧುಗಳಿಗೂ ಒಂದು ಮಾತು. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅದೇ ವಿಷ ಮರಳಿ ಬಂತು. ಆ ಸರ ನಿಮ್ಮ ಅಂಗಡಿಯಲ್ಲಿ ತೂಗುತ್ತಿದ್ದರೆ, ಕೊಳ್ಳುವವನು ನಿಮ್ಮ ನೆರೆಯವನೇ ಎಂಬುದನ್ನು ನೆನೆಯಿರಿ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವವರೆಗೆ ಕಾಯುವುದೇಕೆ? ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳಲು ಕಾಸು ಬೇಕಿಲ್ಲ. ಇಂದೇ ನೋಡಿಕೊಳ್ಳಿ.