ಹಾರ ಬೀಳೋ ಮೊದಲ ಗ್ವಾಡಿ ಮ್ಯಾಲೆ ಬರ್ರಿ

ನಮ್ಮ ಕಡೆ ಯಾರ ಮನಿಗೆ ಹೋದ್ರೂ ಪಡಸಾಲಿ ಗ್ವಾಡಿ ಒಂದ ನಮೂನಿ ಇರ್ತದ. ಮನಿ ಯಜಮಾನರು ರಿಟೈರ್ ಆದಾಗ ಶಾಲು ಹೊದಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಕೊಂಡು ನಿಂತಿದ್ದು. ಮಗ ಕರೀ ಗೌನ್ ಹಾಕ್ಕೊಂಡು ಡಿಗ್ರಿ ತಗೊಂಡಿದ್ದು. ಅದರ ಬಾಜೂಕ ಅಂಗಡಿಯಿಂದ ತಂದ ಏಳು ಬಿಳಿ ಕುದುರಿ, ಇಲ್ಲಾಂದ್ರ ಮನ್ಯಾಗ ಯಾರೂ ಕಣ್ಣಿಲೆ ನೋಡದ ಯಾವುದೋ ದೇಶದ ಜಲಪಾತ. ಹೆಣ್ಣಮಕ್ಕಳು ಎಲ್ಲಿ ಅಂತ ಹುಡುಕಿದ್ರ ಒಬ್ಬಾಕಿ ಸಿಗತಾಳ: ಹಾರ ಹಾಕಿಸಿಕೊಂಡು, ಸಣ್ಣ ಕೆಂಪು ಬಲ್ಬಿನ ಕೆಳಗ. ಅಂದ್ರ ಸತ್ತಾಕಿ.

ಸಿಟ್ಟು ಬಂದ್ರ ಬರಲಿ. ನಿಮ್ಮ ನಿಮ್ಮ ಗ್ವಾಡಿ ಒಮ್ಮೆ ನೋಡ್ಕೊಂಡು ಬಂದು ಆಮ್ಯಾಲೆ ನನ್ನ ಬೈರಿ. ಫೋಟೋ ಇಲ್ಲ ಅಂತೇನಿಲ್ಲ. ಕಾಶಿಗೆ ಹೋದ್ರ ಇನ್ನೂರು, ಬಾದಾಮಿಗೆ ಹೋದ್ರ ನೂರು, ಅರಿಷಿಣ-ಕುಂಕುಮಕ್ಕ ಕರದ್ರ ಐವತ್ತು ತಗೀತೀವಿ. ಎಲ್ಲಾ ಫೋನಿನ ಹೊಟ್ಟ್ಯಾಗ. ಫೋನು ಬಕೀಟಿನ್ಯಾಗ ಬಿದ್ದ ದಿನ ಕಾಶಿನೂ ಗಂಗಾಪಾಲು. ನಾ ಹೇಳೋದು ಇಷ್ಟ: ವರ್ಷಕ್ಕ ಎರಡ ಎರಡು ಫೋಟೋ ಆರಿಸ್ರಿ. ಒಂದು ನೀವು ನೋಡಿ ಬಂದ ಊರಿಂದು, ಒಂದು ಮನ್ಯಾಗ ಬದುಕಿರೋ ಹೆಣ್ಣಮಗಳದು. ಛಲೋ ಕಾಗದದ ಮ್ಯಾಲೆ, ಛಲೋ ಶಾಯಿಲೆ, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಪಡಸಾಲ್ಯಾಗ ಏರಿಸ್ರಿ. ಕುದುರಿ ಇಳಸ್ರಿ, ಅವು ಭಾಳ ವರ್ಷ ಓಡ್ಯಾವ.

"ಬದುಕಿದ್ದವರ ಫೋಟೋ ಗ್ವಾಡಿಗೆ ಹಾಕಬಾರದವಾ, ಆಯುಷ್ಯ ಕಡಿಮಿ ಆಗತದ" ಅಂತ ನಮ್ಮ ಎದುರು ಮನಿ ಕಾಕು ಅಂದ್ರು. ಹೌದೇನ್ರಿ ಕಾಕು? ಹಂಗಾದ್ರ ಶಾಲು ಹೊದ್ದ ಯಜಮಾನರ ಆಯುಷ್ಯಕ್ಕ ಏನೂ ಧಕ್ಕಿ ಇಲ್ಲೇನು? ಸರ್ಕಲ್‌ನ್ಯಾಗ ಹುಟ್ಟಿದಹಬ್ಬದ ಫ್ಲೆಕ್ಸ್ ಕಟ್ಟಿಸಿಕೊಂಡವರೆಲ್ಲಾ ಆರಾಮ ಅಡ್ಡಾಡಲಿಕತ್ತಾರಲ್ಲ? ಈ ಶಾಸ್ತ್ರ ಸೀರಿ ಉಟ್ಟವರಿಗೆ ಅಷ್ಟ ಯಾಕ ತಾಗತದ, ಯಾರರ ಹೇಳ್ರಿ.

ಇದರ ಫಲ ಏನು ಅಂತ ನಾ ನೋಡೀನಿ. ನಮ್ಮ ಅತ್ತಿಯವರು ಹೋದಾಗ ಹದಿಮೂರನೇ ದಿನಕ್ಕ ಫೋಟೋ ಬೇಕಾತು. ನಾಕು ಮಕ್ಕಳ ಫೋನು, ಎರಡು ಕಬ್ಬಿಣದ ಪೆಟ್ಟಗಿ ಹುಡುಕಿದ್ರೂ ಅವರೊಬ್ಬರ ಇರೋ ನೆಟ್ಟಗಿನ ಫೋಟೋ ಒಂದೂ ಇಲ್ಲ. ಕಡೀಕ ಯಾರದೋ ಮದುವಿ ಗ್ರೂಪ್ ಫೋಟೋದಾಗ ಮೂರನೇ ಸಾಲಿನ್ಯಾಗ ನಿಂತಿದ್ದ ಅವರ ಮಾರಿ ಕತ್ತರಿಸಿ ಸ್ಟುಡಿಯೋದವ ದೊಡ್ಡದು ಮಾಡಿ ಕೊಟ್ಟ. ಹಿಂದ ನೀಲಿ ಬಣ್ಣ. ಮಾರಿ ಗೋಧಿಹಿಟ್ಟು ಬಡದಂಗ ಬೆಳ್ಳಗ. ಒಂದು ಕಿವಿ ಬಾಜೂಕ ನಿಂತವರ ಸೆರಗಿನ ಜೋಡಿ ಕತ್ತರಿಸಿ ಹೋಗಿತ್ತು. ಸಣ್ಣಾಕಿ ಇದ್ದಾಗ ಹಣಿಗೆ ಹಾಕಿಸಿಕೊಂಡಿದ್ದ ಹಚ್ಚಿ ಇತ್ತಲ್ಲ, ಅದನ್ನ ಕಲಿ ಅಂತ ತಿಳಕೊಂಡು ಒರಿಸಿಬಿಟ್ಟಿದ್ದ. ನಲವತ್ತು ವರ್ಷ ಆ ಮನಿ ಒಲಿ ಮುಂದ ಕೂತವರು ಈಗ ಅದ ಮನಿ ಗ್ವಾಡಿ ಮ್ಯಾಲೆ ಬ್ಯಾರೆ ಯಾರೋ ಆಗಿ ಕೂತಾರ. ದಿನಾ ಹೂ ಏರಸ್ತೀವಿ. ಯಾರಿಗೆ ಏರಸ್ತೀವೋ ಆ ದೇವರಿಗೇ ಗೊತ್ತು.

ಇನ್ನೊಂದು ಮಾತು ಕೇಳಿ ಕೇಳಿ ಸಾಕಾಗೇದ: "ನಾವೇನು ಕಲಾವಿದರಾ? ಫೈನ್ ಆರ್ಟ್ ಪ್ರಿಂಟ್ ಅಂದ್ರ ದೊಡ್ಡ ದೊಡ್ಡ ಕ್ಯಾಮೆರಾ ಇದ್ದವರ ಕೆಲಸ." ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅಂತ ಒಬ್ಬರಿದ್ರು. 1815ರಾಗ ಕಲ್ಕತ್ತಾದಾಗ ಹುಟ್ಟಿದವರು. ಮಕ್ಕಳು ಮರಿ ಅಂತ ಸಂಸಾರ ಮಾಡ್ಕೊಂಡಿದ್ದವರಿಗೆ 1863ರಾಗ, ವಯಸ್ಸು 48 ಆದಾಗ, ಮಗಳು-ಅಳಿಯ ಕೂಡಿ ಒಂದು ಕ್ಯಾಮೆರಾ ಕೊಟ್ರು. ಇಂಗ್ಲೆಂಡಿನ ವೈಟ್ ದ್ವೀಪದಾಗ ಅವರ ಮನಿ. ಕೋಳಿಗೂಡು ಖಾಲಿ ಮಾಡಿ ಸ್ಟುಡಿಯೋ ಮಾಡಿದ್ರು, ಇದ್ದಲಿ ಇಡೋ ಕೋಲಿ ಫೋಟೋ ತೊಳೆಯೋ ಕತ್ತಲಕೋಣಿ ಆತು. ಯಾರ ಫೋಟೋ ತಗದ್ರು ಅಂತೀರಿ? ಮನಿ ಕೆಲಸದ ಹುಡುಗಿ ಮೇರಿ ಹಿಲಿಯರ್‌ದು, ಓಣಿ ಹುಡುಗರದು, ಬಳಗದ ಹೆಣ್ಣಮಕ್ಕಳದು. ಮಸಕ ಬರ್ತಾವ, ಫೋಕಸ್ ಇಲ್ಲ ಅಂತ ತಿಳದವರೆಲ್ಲಾ ಆಡಿಕೊಂಡ್ರು. ಆದ್ರ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಅಂತ ಕರಸ್ಕೊಳ್ಳೋ ಲಂಡನ್ನಿನ ಮ್ಯೂಸಿಯಂ 1865ರಾಗನ ಅವರ ಪ್ರಿಂಟ್ ಕೊಂಡು ಇಟ್ಕೊಂಡಿತು. ಆಗಿನ ಪ್ರಿಂಟಿನ ಕಾಗದಕ್ಕ ತತ್ತಿಯೊಳಗಿನ ಬಿಳಿದು ಬಳೀತಿದ್ರಂತ. ನಮ್ಮಂಥ ಮಡಿ ಮನಿಯವರಿಗೆ ಈಗಿನ ಹತ್ತಿ ಕಾಗದನ ಛಲೋ ಬಿಡ್ರಿ!

ಹೌದು, ಹತ್ತಿ. ಈ ಪ್ರಿಂಟಿನ ಗುಟ್ಟು ಇರೋದ ಕಾಗದದಾಗ ಮತ್ತ ಶಾಯಿಯೊಳಗ. ಸಾದಾ ಕಾಗದ ಕಟಗಿ ತಿರುಳಿಂದ ಮಾಡ್ತಾರ. ಹಳೇ ಪೇಪರ್ ಅಟ್ಟದ ಮ್ಯಾಲಿಟ್ರ ಹಳದಿ ಆಗಿ ಮುರೀತದಲ್ಲ, ಹಂಗ ಆಗತದ. ಹತ್ತಿಯಿಂದ ಮಾಡಿದ, ಆಸಿಡ್ ಇಲ್ಲದ ಕಾಗದ ಹಂಗ ಆಗೂದಿಲ್ಲ. ಜರ್ಮನಿಯೊಳಗ ಹಾನೆಮ್ಯೂಲೆ ಅನ್ನೋ ಕಾಗದದ ಗಿರಣಿ 1584ರಿಂದ ನಡದದ. ನಮ್ಮ ತಾಳಿಕೋಟಿ ಯುದ್ಧ ಮುಗದು ಹತ್ತೊಂಬತ್ತು ವರ್ಷಕ್ಕ ಚಾಲೂ ಆಗಿದ್ದು ನೋಡ್ರಿ. ಅವರ ಫೋಟೋ ರ‍್ಯಾಗ್ ಅನ್ನೋ ಹತ್ತಿ ಕಾಗದ 308 ಜಿಎಸ್ಎಂ ತೂಕದ್ದು. ಝೆರಾಕ್ಸ್ ಹಾಳಿ 70-80 ಇರ್ತದ. ಕೈಯಾಗ ಹಿಡದ್ರ ಗಂಜಿ ಹಾಕಿದ ಕಾಟನ್ ಸೀರಿ ಮುಟ್ಟಿದಂಗ. ಶಾಯಿಯೊಳಗ ಎರಡು ಜಾತಿ. ಒಂದು ಸಕ್ರಿ ನೀರಿನ್ಯಾಗ ಕರಗಿದಂಗ ಕರಗಿದ ಬಣ್ಣ, ಅದು ಲಗೂನ ಮಾಸತದ. ಇನ್ನೊಂದು ಪಿಗ್ಮೆಂಟ್, ಕುಂಕುಮದಂಗ ಸಣ್ಣ ಸಣ್ಣ ಕಣ, ಬಿಸಲಿಗೆ ಒಡ್ಡದ ಇಟ್ರ ಹತ್ತಾರು ವರ್ಷ ಗಟ್ಟಿ ಕೂಡತದ. ಪ್ರಿಂಟ್ ಹಾಕೋರಿಗೆ "ಹತ್ತಿ ಕಾಗದ, ಪಿಗ್ಮೆಂಟ್ ಶಾಯಿ, ಮ್ಯಾಟ್" ಅಂತ ಮೂರು ಮಾತು ಹೇಳ್ರಿ. ಅವರು ಪಿಳಿಪಿಳಿ ನೋಡಿದ್ರ ಬ್ಯಾರೆ ಅಂಗಡಿ ಹುಡುಕ್ರಿ. ಬೆಂಗಳೂರಿನ್ಯಾಗ ಮಾಡೋರು ಇದ್ದಾರ, ಕೊಳವಿಯೊಳಗ ಸುತ್ತಿ ಕೊರಿಯರ್ ಮಾಡ್ತಾರ. ರೊಕ್ಕ ಹೆಚ್ಚ ಹೌದು. ಆದ್ರ ಒಂದು ಸೀರಿ ಕಡಿಮಿ ತಗೊಂಡ್ರ ಯಾರೂ ಸಾಯೂದಿಲ್ಲ. ನಮ್ಮ ಕಪಾಟು ಏನು ಅಂತ ನಮಗ ಗೊತ್ತಿಲ್ಲೇನು?

ಇನ್ನ ಬೆಳ್ಳಗ ಮಾಡೋ ಹುಚ್ಚು. ಇದರ ಮ್ಯಾಲೆ ನನ್ನ ಸಿಟ್ಟು ಎಲ್ಲಾದಕ್ಕಿಂತ ಜಾಸ್ತಿ. ಫೋನಿನ್ಯಾಗ ಬ್ಯೂಟಿ ಅಂತ ಇರ್ತದ, ಮೊದಲ ಬಂದ್ ಮಾಡ್ರಿ. ಅದು ಸುಕ್ಕು ತಗೀತದ, ಗಲ್ಲದ ಮಚ್ಚಿ ತಗೀತದ, ಕಡೀಕ ನಮ್ಮನ್ನೂ ತಗದ ಬಿಡತದ. ಪೋರ್ಟ್ರೇಟ್ ಮೋಡ್ ಅಂತ ಹಾಕಿದ್ರ ಎಷ್ಟೋ ಸಲ ತಲಿಯಾಗಿನ ಮಲ್ಲಿಗಿ ದಂಡಿ, ಕಿವಿ ಝುಮಕಿ ಅರ್ಧ ನುಂಗತದ. ಮುಂಜಾನೆ ಕಿಡಕಿ ಬಾಜೂಕ, ಟ್ಯೂಬ್‌ಲೈಟ್ ಆರಿಸಿ, ಅಡ್ಡ ಬೆಳಕಿಗೆ ಕೂಡಿಸಿ ಒಂದು ತಗದು ನೋಡ್ರಿ. ಮೆಣಸಿನಕಾಯಿ ಕುಟ್ಟೋವಾಗ, ಹೋಳಿಗಿ ಲಟ್ಟಿಸೋವಾಗ, ಸುಮ್ಮನ ಕೂತು ಅವರಿಕಾಯಿ ಸುಲಿಯೋವಾಗ. ಕಪ್ಪಗಿದ್ದವರು ಮ್ಯಾಟ್ ಕಾಗದದ ಮ್ಯಾಲೆ ಎಷ್ಟು ಚಂದ ಬರ್ತಾರ ಅಂತ ನೋಡಿದ ಮ್ಯಾಲೆ "ಸ್ವಲ್ಪ ಫೇರ್ ಮಾಡ್ರಿ" ಅನ್ನೋ ಮಾತು ಬಾಯಿಗೆ ಬರೂದಿಲ್ಲ. ಇಳಕಲ್ ಸೀರಿ ಕೆಂಪು ಸೆರಗು ಇದ್ದರ ಪ್ರಿಂಟಿನ್ಯಾಗೂ ಅದ ಕೆಂಪು ಬಂದದೋ ಇಲ್ಲೋ ನೋಡ್ರಿ, ಗುಲಾಬಿ ಬಂದಿದ್ರ ವಾಪಸ್ ಕೊಡ್ರಿ. ಅದಕ್ಕ ಮೊದಲ ಸಣ್ಣದೊಂದು ತುಣುಕು ಹಾಕಿಸಿ ನೋಡೋದು ಛಲೋ. ಫೋನು ತಾನ ಬೆಳಗತದ, ಕಾಗದ ಬೆಳಗೂದಿಲ್ಲ, ಅದಕ್ಕ ಪ್ರಿಂಟು ಯಾವಾಗಲೂ ಸ್ವಲ್ಪ ಕಪ್ಪ ಬರ್ತದ.

ಊರಿನ ಫೋಟೋಕ್ಕೂ ಇದ ಮಾತು. ಹಂಪಿ ಕಲ್ಲಿನ ರಥ ಬೇಕಿದ್ರ 50 ರೂಪಾಯಿ ನೋಟಿನ ಹಿಂದ ಅದ, ಅದಕ್ಕ ಯಾಕ ರೊಕ್ಕ ಕೊಟ್ಟು ಕಟ್ಟು ಹಾಕಸ್ತೀರಿ? ಆ ರಥದ ನೆರಳಿಗೆ ಕೂತು ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಳ್ಳೋ ನಿಮ್ಮ ವೈನಿ ಫೋಟೋ ನೋಟಿನ್ಯಾಗ ಇಲ್ಲ. ಬನಶಂಕರಿ ಗುಡಿ ಹೊರಗ ಬುಟ್ಟ್ಯಾಗ ರೊಟ್ಟಿ ತಂದು ಬಡಸ್ತಾರಲ್ಲ, ಅವರನ್ನ ಕೇಳಿ ಒಂದು ತಗೀರಿ. ಕೇಳದ ತಗೀಬ್ಯಾಡ್ರಿ. ಮುಂದಿನ ಸಲ ಹೋದಾಗ ಒಂದು ಸಣ್ಣ ಪ್ರಿಂಟ್ ಅವರ ಕೈಯಾಗೂ ಇಡ್ರಿ. ಬಾದಾಮಿಯೊಳಗ ಸಂಜೀಕ ಕೆಂಪು ಕಲ್ಲಿಗೆ ಬಿಸಲು ಬಿದ್ದಾಗ ಭೂತನಾಥ ಗುಡಿ ಕೆರಿಯೊಳಗ ಕಾಣತದ. ಅದು ಅಂಗಡಿ ಜಲಪಾತಕ್ಕಿಂತ ಕಡಿಮಿ ಏನದ?

ಕಳಿಸೋ ಮುಂದ ಒಂದು ಲಕ್ಷ್ಯ ಇರಲಿ. 12 ಮೆಗಾಪಿಕ್ಸೆಲ್ ಫೋನಿನ ಫೋಟೋದಾಗ ಒಂದು ಕಡೆ 4000, ಇನ್ನೊಂದು ಕಡೆ 3000 ಚುಕ್ಕಿ. 16 ಇಂಚು ಉದ್ದ 12 ಇಂಚು ಅಗಲ ಪ್ರಿಂಟ್ ಹಾಕಿದ್ರ ಇಂಚಿಗೆ 250 ಚುಕ್ಕಿ ಬರ್ತಾವ, ಸಾಕು. ಅದನ್ನ ವಾಟ್ಸಾಪಿನ್ಯಾಗ ಸಾದಾ ಕಳಿಸಿದ್ರ ಅದು ಹಿಂಡಿ ಸುಮಾರು 1600 ಚುಕ್ಕಿಗೆ ಇಳಸತದ, ಇಂಚಿಗೆ ನೂರ ಉಳಿತಾವ. ಚುಕ್ಕಿ ಕಡಿಮಿ ಆದ್ರ ರಂಗೋಲಿ ಏನಾಗತದ ಅಂತ ನಿಮಗ ಹೇಳಬೇಕಾ? ಡಾಕ್ಯುಮೆಂಟ್ ಅಂತ ಕಳಸ್ರಿ. ಕಟ್ಟು ಹಾಕೋವಾಗ ಗ್ಲಾಸಿಗೂ ಫೋಟೋಕ್ಕೂ ನಡುವ ದಪ್ಪ ರಟ್ಟಿನ ಅಂಚು ಇಡಸ್ರಿ, ಇಲ್ಲಾಂದ್ರ ಮಳಿಗಾಲದಾಗ ಅಂಟತದ. ನೀರು ಇಂಗೋ ಗ್ವಾಡಿ ಬ್ಯಾಡ, ಮಧ್ಯಾಹ್ನದ ಬಿಸಲು ಬೀಳೋ ಗ್ವಾಡಿ ಬ್ಯಾಡ.

ಮತ್ತ ಕಟ್ಟು ಹಾಕೋ ಮೊದಲ ಪ್ರಿಂಟಿನ ಹಿಂದ ಪೆನ್ಸಿಲಿಂದ ಹೆಸರು, ಊರು, ತಾರೀಖು ಬರೀರಿ. ಪೆನ್ನು ಬ್ಯಾಡ, ಶಾಯಿ ಮುಂದ ಇಳೀತದ. ಇಂಥವರ ಹೆಂಡ್ತಿ, ಇಂಥವರ ತಾಯಿ ಅಂತಲ್ಲ. ಆಕಿ ಹೆಸರು. ಜಾಗಾ ಉಳದ್ರ ತೌರಮನಿ ಹೆಸರೂ ಬರೀರಿ.